ಬೀಗ ಹಾಕಿದ ಬಡಾವಣೆ ಉದ್ಯಾನ ಯಾರದು? ಅದನ್ನು ಎಲ್ಲರಿಗೂ ತೆರೆಸುವುದು ಹೇಗೆ?

ಪ್ರಶ್ನೆ: ದಕ್ಷಿಣ ಬೆಂಗಳೂರಿನಲ್ಲಿರುವ ನಮ್ಮ ಬಡಾವಣೆಯನ್ನು ಗೃಹ ನಿರ್ಮಾಣ ಸಹಕಾರ ಸಂಘವೊಂದು ಸುಮಾರು ಮೂವತ್ತು ವರ್ಷಗಳ ಹಿಂದೆ ರಚಿಸಿತು. ನಡುವೆ ಅರ್ಧ ಎಕರೆಯಷ್ಟು ಉದ್ಯಾನವಿದೆ. ಸುತ್ತ ಎತ್ತರದ ಗೋಡೆ, ಗೇಟಿಗೆ ಬೀಗ. ಬೀಗದ ಕೈ ನಿವಾಸಿಗಳ ಸಂಘದ ಪದಾಧಿಕಾರಿಗಳ ಬಳಿ ಇರುತ್ತದೆ. ಬೆಳಗ್ಗೆ ಎರಡು ಗಂಟೆ ಸದಸ್ಯರಿಗೆ ಮಾತ್ರ ತೆರೆಯುತ್ತಾರೆ. ಬಾಡಿಗೆದಾರರಿಗೂ ಪಕ್ಕದ ಹಳೆಯ ಊರಿನ ಮಕ್ಕಳಿಗೂ ಪ್ರವೇಶವಿಲ್ಲ. ಕೇಳಿದರೆ, ನಾವು ಕೈಯಿಂದ ದುಡ್ಡು ಹಾಕಿ ಬೆಳೆಸಿದ್ದು, ತೆರೆದರೆ ಕುಡುಕರ ಅಡ್ಡೆಯಾಗುತ್ತದೆ ಎನ್ನುತ್ತಾರೆ ಹಿರಿಯರು. ಈ ಜಾಗ ನಿಜಕ್ಕೂ ಯಾರದು? ನೆರೆಯವರೊಡನೆ ಮನಸ್ತಾಪ ಬೆಳೆಯದಂತೆ ಇದನ್ನು ಎಲ್ಲರಿಗೂ ತೆರೆಸಬಹುದೇ?

ಉತ್ತರ: ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಆ ಜಾಗವನ್ನು ಉದ್ಯಾನವೆಂದು ಗುರುತಿಸಿದ್ದರೆ ಅದು ನಿವಾಸಿಗಳ ಸಂಘದ್ದಲ್ಲ, ಬಡಾವಣೆ ಮಾಡಿದ ಸಹಕಾರ ಸಂಘದ್ದೂ ಅಲ್ಲ. ಅದು ಸಾರ್ವಜನಿಕ ಉದ್ಯಾನ. ಅದರೊಳಗೆ ಕಾಲಿಡಲು ನಿವೇಶನದ ಒಡೆತನವಾಗಲಿ, ಸಂಘದ ಸದಸ್ಯತ್ವವಾಗಲಿ, ಬಾಡಿಗೆ ಕರಾರಾಗಲಿ ಬೇಕಿಲ್ಲ. ಪಕ್ಕದ ಊರಿನ ಮಗುವಿಗೂ ಮೂವತ್ತು ವರ್ಷದಿಂದ ಅಲ್ಲೇ ಇರುವ ಹಿರಿಯರಿಗೂ ಅದರ ಮೇಲೆ ಸಮಾನ ಹಕ್ಕಿದೆ. ನಿಮ್ಮ ಎರಡನೆಯ ಪ್ರಶ್ನೆಗೂ ನನ್ನ ಉತ್ತರ ಸಾಧ್ಯವೆಂದೇ; ಆದರೆ ಮಾತುಕತೆಗೆ ಮುಂಚೆ ಕಾಗದಗಳು ಕೈಯಲ್ಲಿರಬೇಕು. ಕಾಗದವಿಲ್ಲದೆ ಶುರುವಾದ ಚರ್ಚೆ ಯಾರು ಹಳಬರು, ಯಾರು ಹೊಸಬರು ಎಂಬ ಜಗಳವಾಗಿ ತಿರುಗುವುದನ್ನು ನಮ್ಮ ನಗರದ ಅನೇಕ ಬಡಾವಣೆಗಳಲ್ಲಿ ಕಾಣಬಹುದು.

ಮೊದಲು ಬೇಕಾದುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಖಾಸಗಿಯವರಾಗಲಿ ಸಹಕಾರ ಸಂಘವಾಗಲಿ ಬಡಾವಣೆ ಮಾಡಲು ಹೊರಟಾಗ, ರಸ್ತೆಗೆ, ಉದ್ಯಾನಕ್ಕೆ ಮತ್ತು ಶಾಲೆಯಂಥ ನಾಗರಿಕ ಸೌಲಭ್ಯಕ್ಕೆ ಇಂತಿಷ್ಟು ಜಾಗವನ್ನು ಕಾದಿರಿಸಿ ಪ್ರಾಧಿಕಾರಕ್ಕೆ ಬಿಟ್ಟುಕೊಡುವುದು ಅನುಮೋದನೆಯ ಷರತ್ತಾಗಿರುತ್ತದೆ. ಹಾಗೆ ಬಿಟ್ಟುಕೊಟ್ಟದ್ದಕ್ಕೆ ನೋಂದಾಯಿತ ಪತ್ರವಿರುತ್ತದೆ. ಕಚೇರಿಗಳಲ್ಲಿ ಅದನ್ನು ರಿಲಿಂಕ್ವಿಷ್‌ಮೆಂಟ್ ಡೀಡ್ ಎಂದೇ ಕರೆಯುತ್ತಾರೆ. ಪ್ರಾಧಿಕಾರ ಮುಂದೆ ಆ ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರಿಸಿದ ಮೇಲೆ ಉದ್ಯಾನದ ನಿರ್ವಹಣೆಯೂ ಪಾಲಿಕೆಯ ಹೊಣೆಯಾಗುತ್ತದೆ. ನಕ್ಷೆ, ಬಿಟ್ಟುಕೊಟ್ಟ ಪತ್ರ, ಹಸ್ತಾಂತರದ ಪತ್ರ, ಈ ಮೂರೂ ಸಿಕ್ಕಿದರೆ ಒಡೆತನದ ವಿಚಾರದಲ್ಲಿ ವಾದಕ್ಕೆ ಆಸ್ಪದವೇ ಇರುವುದಿಲ್ಲ.

ಇವನ್ನು ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪ್ರಾಧಿಕಾರದ ನಗರ ಯೋಜನಾ ವಿಭಾಗಕ್ಕೆ ಅರ್ಜಿ ಹಾಕಿ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಇದನ್ನು ಅರಿಯದೆ ಉದ್ಯಾನದ ಇತಿಹಾಸವನ್ನೆಲ್ಲ ಬರೆದು ಕಳಿಸಿದವರ ಅರ್ಜಿ ತಿರಸ್ಕೃತವಾಗುವ ಸಂಭವವುಂಟು. ಆದ್ದರಿಂದ ನಕ್ಷೆ ಮತ್ತು ಬಿಟ್ಟುಕೊಟ್ಟ ಪತ್ರಕ್ಕೆ ಒಂದು, ಹಸ್ತಾಂತರಕ್ಕೆ ಇನ್ನೊಂದು, ಉದ್ಯಾನದ ನಿರ್ವಹಣೆಗೆ ಪಾಲಿಕೆ ಖರ್ಚು ಮಾಡಿದ್ದರೆ ಅದರ ವಿವರಕ್ಕೆ ಮತ್ತೊಂದು, ಹೀಗೆ ಬೇರೆ ಬೇರೆ ಅರ್ಜಿಗಳನ್ನು ಹಾಕಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿರದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ 30 ದಿನಗಳೊಳಗೆ ಮೇಲ್ಮನವಿ. ಉತ್ತರ ಬರುವವರೆಗೆ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಉದ್ಯಾನದೊಳಗೆ ಅಥವಾ ಗೇಟಿನ ಬಳಿ ನಿಂತು ಆ ಜಾಗದ ಸರ್ವೆ ನಂಬರ್ ನೋಡಿಕೊಳ್ಳಬಹುದು. ಅದೇ ಸರ್ವೆ ನಂಬರಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರವನ್ನೂ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿಯನ್ನೂ, ತೆಗೆಸಿ. ಉದ್ಯಾನದ ಜಾಗಕ್ಕೆ ಯಾರದೋ ಖಾಸಗಿ ಹೆಸರಿನಲ್ಲಿ ಕ್ರಯಪತ್ರವೋ ಖಾತೆಯೋ ಕಂಡುಬಂದರೆ, ಬೀಗಕ್ಕಿಂತ ಬಹು ದೊಡ್ಡ ತೊಂದರೆ ಎದುರಿಗಿದೆ ಎಂದು ತಿಳಿದು ತಕ್ಷಣ ಪ್ರಾಧಿಕಾರಕ್ಕೂ ಪಾಲಿಕೆಗೂ ಲಿಖಿತ ದೂರು ಕೊಡಿ.

ಕಾನೂನಿನ ಬಲ ನಿಮ್ಮ ಪರವಾಗಿ ಎಷ್ಟಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ದೇಶದ ಮುಖ್ಯ ತೀರ್ಪುಗಳಲ್ಲೊಂದು ಹುಟ್ಟಿದ್ದು ನಮ್ಮ ಊರಿನ ಒಂದು ಬಡಾವಣೆಯಲ್ಲಿಯೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಕಾದಿರಿಸಿದ್ದ ಜಾಗವನ್ನು ಸರ್ಕಾರದ ನಿರ್ದೇಶನದ ಮೇರೆಗೆ ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಒಂದು ಟ್ರಸ್ಟಿಗೆ ಹಂಚಿಕೆ ಮಾಡಲಾಗಿತ್ತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆಯನ್ನು ರದ್ದುಪಡಿಸಿದ ತೀರ್ಪನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಊರಿಗೆ ಬೇಕಾದುದೇ ಅಲ್ಲವೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸಾರ್ವಜನಿಕರೆಲ್ಲರ ಆರೋಗ್ಯಕ್ಕೆಂದು ಯೋಜನೆಯಲ್ಲಿ ಬಿಟ್ಟ ಬಯಲನ್ನು ಖಾಸಗಿ ಉಪಯೋಗಕ್ಕೆ ತಿರುಗಿಸುವ ಅಧಿಕಾರ ಪ್ರಾಧಿಕಾರಕ್ಕೂ ಇಲ್ಲ, ಸರ್ಕಾರಕ್ಕೂ ಇಲ್ಲ ಎಂಬುದು ಅದರ ಸಾರ. ಇಂಥ ಜಾಗ ಕೈತಪ್ಪಿದಾಗ ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವ ಸಾಮಾನ್ಯ ನಾಗರಿಕರಿಗಿದೆ ಎಂಬ ಮಾತೂ ಅಲ್ಲಿ ಸ್ಪಷ್ಟವಾಯಿತು. ಸರ್ಕಾರವೇ ಮಾಡಲಾಗದ್ದನ್ನು ಒಂದು ನಿವಾಸಿಗಳ ಸಂಘ ಬೀಗದ ಮೂಲಕ ಮಾಡಲಾಗದು ಎಂದು ನಾನು ಇದರಿಂದ ತೀರ್ಮಾನಿಸುತ್ತೇನೆ. ಉದ್ಯಾನವನ್ನು ಮಾರಿದರೂ, ಕೆಲವರಿಗಷ್ಟೇ ಮೀಸಲಿಟ್ಟರೂ, ಹೊರಗುಳಿದವರ ಪಾಲಿಗೆ ಎರಡೂ ಒಂದೇ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ 38-ಎ ಕಲಮು ಉದ್ಯಾನ, ಆಟದ ಮೈದಾನ ಮತ್ತು ನಾಗರಿಕ ಸೌಲಭ್ಯಕ್ಕೆ ಕಾದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡುವುದನ್ನು ನಿಷೇಧಿಸುತ್ತದೆ. ಮಾಡಿದರೂ ಅದು ಅನೂರ್ಜಿತ. ಇದರ ಜೊತೆಗೆ 1985ರ ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣ ಅಧಿನಿಯಮವಿದೆ. ನಗರದ ಉದ್ಯಾನಗಳ ಪಟ್ಟಿ ತಯಾರಿಸಿ ಪ್ರಕಟಿಸಬೇಕೆಂದೂ ಪಟ್ಟಿಯಲ್ಲಿರುವ ಜಾಗವನ್ನು ಅನ್ಯ ಉಪಯೋಗಕ್ಕೆ ಬಳಸಬಾರದೆಂದೂ ಅದು ಹೇಳುತ್ತದೆ. ನಿಮ್ಮ ಉದ್ಯಾನ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ ತಿಳಿಯಿರಿ. ಇಲ್ಲದಿದ್ದರೆ ಸೇರಿಸುವಂತೆ ಅರ್ಜಿ ಕೊಡುವುದು ಬೀಗ ತೆಗೆಸುವಷ್ಟೇ ಮುಖ್ಯ. ಲಾಲ್‌ಬಾಗಿನಲ್ಲಿ ಟಿಕೆಟ್ ಇದೆಯಲ್ಲ, ನಾವೂ ಹೊರಗಿನವರಿಂದ ಶುಲ್ಕ ಪಡೆದರಾಯಿತು ಎಂಬ ಸಲಹೆ ಕೆಲವು ಬಡಾವಣೆಗಳಲ್ಲಿ ಬರುವುದುಂಟು. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯ ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿವೆ, ಅವುಗಳಿಗೆ 1975ರ ಪ್ರತ್ಯೇಕ ಕಾಯ್ದೆಯಿದೆ. ಅಲ್ಲಿನ ಕ್ರಮ ಬಡಾವಣೆಯ ಉದ್ಯಾನಕ್ಕೆ ಮಾದರಿಯಾಗದು.

ನಕ್ಷೆ ಬೇರೆಯೇ ಮಾತು ಹೇಳುವ ಸಂಭವವೂ ಇದೆ. ಆ ಜಾಗ ನಾಗರಿಕ ಸೌಲಭ್ಯದ ನಿವೇಶನವಾಗಿದ್ದು ಜನ ಅದನ್ನು ಉದ್ಯಾನವೆಂದು ಭಾವಿಸಿದ್ದರೆ, ಪ್ರಾಧಿಕಾರ ಅದನ್ನು ಶಾಲೆಗೋ ಬೇರೊಂದು ಸಂಸ್ಥೆಗೋ ಗುತ್ತಿಗೆಗೆ ಕೊಡಬಹುದು. ಅದನ್ನು ಉದ್ಯಾನವಾಗಿಯೇ ಉಳಿಸುವಂತೆ ಬೇಗನೆ ಮನವಿ ಸಲ್ಲಿಸಬೇಕು. ಅಪಾರ್ಟ್‌ಮೆಂಟ್ ಸಮುಚ್ಚಯದ ಒಳಗಿನ ಸಾಮಾನ್ಯ ಜಾಗವಾದರೆ ಅದು ಅಲ್ಲಿನ ಒಡೆಯರಿಗೇ ಸೇರಿದ್ದು, ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಭಾಗ ಮಾತ್ರ ಇದಕ್ಕೆ ಹೊರತು. ಯಾರೋ ಕಟ್ಟದೆ ಬಿಟ್ಟ ಖಾಸಗಿ ನಿವೇಶನದಲ್ಲಿ ಮರ ಬೆಳೆದು ಹಸಿರಾಗಿದ್ದರೆ ಒಡೆಯರ ಒಪ್ಪಿಗೆಯಿಲ್ಲದೆ ಏನನ್ನೂ ಕೇಳುವಂತಿಲ್ಲ. ನೀವು ವಿವರಿಸಿದ ಸ್ವರೂಪ ನೋಡಿದರೆ ಇವು ಯಾವುವೂ ನಿಮ್ಮ ಬಡಾವಣೆಗೆ ಅನ್ವಯಿಸುವಂತೆ ಕಾಣುವುದಿಲ್ಲ.

ಇನ್ನು ಹಿರಿಯರ ವಿಚಾರ. ಅವರನ್ನು ಎದುರು ಪಕ್ಷದವರೆಂದು ಎಣಿಸಬೇಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಹೊರವಲಯದಲ್ಲಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎದ್ದ ಬಡಾವಣೆಗಳಲ್ಲಿ ಉದ್ಯಾನವೆಂದರೆ ನಕ್ಷೆಯ ಮೇಲಿನ ಹಸಿರು ಬಣ್ಣವಷ್ಟೇ ಆಗಿತ್ತು. ನೆಲದ ಮೇಲಿದ್ದುದು ಪಾರ್ಥೇನಿಯಂ, ಕಟ್ಟಡದ ಅವಶೇಷ ಮತ್ತು ಒತ್ತುವರಿಗೆ ಕಾದಿದ್ದ ಕಣ್ಣುಗಳು. ಒಂದು ರಾತ್ರಿಯಲ್ಲಿ ಶೆಡ್ ಏಳುತ್ತಿತ್ತು, ಇನ್ನೊಂದು ರಾತ್ರಿಯಲ್ಲಿ ಗುಡಿ. ಸಾರ್ವಜನಿಕ ಉದ್ಯಾನ ಮತ್ತು ರಸ್ತೆಗಳಲ್ಲಿ ಹೊಸ ಧಾರ್ಮಿಕ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2009ರಲ್ಲಿ. ಅದಕ್ಕೆ ಮೊದಲು, ಪಾಲಿಕೆ ಇನ್ನೂ ತಲುಪದ ಕಾಲದಲ್ಲಿ, ಚಂದಾ ಎತ್ತಿ ಬೇಲಿ ಹಾಕಿ, ಬಕೆಟ್ಟಿನಲ್ಲಿ ನೀರು ಹೊತ್ತು ಹೊಂಗೆ, ನೇರಳೆ ಗಿಡಗಳನ್ನು ಬದುಕಿಸಿದವರು ಈ ಹಿರಿಯರೇ. ಅಂದು ಬೀಗ ಆ ಜಾಗವನ್ನು ಕಾಪಾಡಿತು ಎಂಬುದನ್ನು ಸಭೆಯಲ್ಲಿ ನೀವೇ ಮೊದಲು ಹೇಳಬೇಕು, ಏಕೆಂದರೆ ಅದು ಸತ್ಯ.

ಆದರೆ ಇಂದು ಅದೇ ಬೀಗ ಆ ಜಾಗಕ್ಕೆ ಅಪಾಯ ತರುತ್ತಿದೆ ಎಂಬುದೂ ಅಷ್ಟೇ ಸತ್ಯ, ಮತ್ತು ನನ್ನ ಉತ್ತರದ ತಿರುಳು ಇದೇ. ಹತ್ತು ಮನೆಯವರು ಮಾತ್ರ ಬಳಸುವ ಉದ್ಯಾನ ಕೈಬಿಟ್ಟುಹೋಗುವಾಗ ದನಿ ಎತ್ತುವವರು ಹತ್ತೇ ಮನೆಯವರು. ರಸ್ತೆ ಅಗಲೀಕರಣಕ್ಕೆ ಒಂದು ಮೂಲೆ, ನೀರಿನ ತೊಟ್ಟಿಗೆ ಇನ್ನೊಂದು, ವಾರ್ಡ್ ಕಚೇರಿಗೆ ಮತ್ತೊಂದು ಎಂದು ಜಾಗ ಕೇಳಿಬಂದಾಗ, ದಿನವೂ ಅಲ್ಲಿ ಕೂರುವ ಇನ್ನೂರು ಜನರಿರುವ ಉದ್ಯಾನವನ್ನು ಮುಟ್ಟಲು ಯಾವ ಅಧಿಕಾರಿಯೂ ಹಿಂಜರಿಯುತ್ತಾನೆ. ಹಿರಿಯರು ವಯಸ್ಸಾಗಿ ಮನೆಯಲ್ಲೇ ಉಳಿದ ಮೇಲೆ ಈ ಮರಗಳ ಪರವಾಗಿ ನಿಲ್ಲಬೇಕಾದವರು ಇಂದು ಗೇಟಿನ ಹೊರಗಿರುವ ಮಕ್ಕಳು. ಸಭೆಯಲ್ಲಿ ಕಾನೂನಿನ ಕಲಮುಗಳಿಗಿಂತ ಈ ಮಾತನ್ನೇ ಮುಂದಿಡಿ.

ಕುಡುಕರ ಭಯ ಹುರುಳಿಲ್ಲದ್ದಲ್ಲ, ಆದರೆ ಅದಕ್ಕೆ ಬೀಗ ಮದ್ದಲ್ಲ. ಕುಡಿಯಲು ಬರುವವರಿಗೆ ಬೇಕಾದುದು ಯಾರೂ ನೋಡದ ಜಾಗ, ಮತ್ತು ಎತ್ತರದ ಗೋಡೆ ಅಂಥ ಜಾಗವನ್ನೇ ಸೃಷ್ಟಿಸುತ್ತದೆ. ಮುಚ್ಚಿದ ಉದ್ಯಾನಗಳ ಗೋಡೆಯಂಚಿನಲ್ಲಿ ಖಾಲಿ ಬಾಟಲಿ ಸಿಗುವುದಕ್ಕೆ ಕಾರಣವೂ ಇದೇ. ಗೋಡೆಯನ್ನು ಎರಡು ಅಡಿಗೆ ಇಳಿಸಿ ಅದರ ಮೇಲೆ ಕಂಬಿ ಬೇಲಿ ಹಾಕಿಸಿದರೆ ರಸ್ತೆಯಲ್ಲಿ ಹೋಗುವವರಿಗೆ ಒಳಗಿನದು ಕಾಣುತ್ತದೆ, ಒಳಗಿರುವವರಿಗೆ ರಸ್ತೆ ಕಾಣುತ್ತದೆ. ಉದ್ಯಾನದಲ್ಲಿ ಒಬ್ಬಳೇ ಕೂರಬಯಸುವ ಹೆಂಗಸಿಗೆ ಕಾವಲುಗಾರನಿಗಿಂತ ಇದು ಹೆಚ್ಚು ಧೈರ್ಯ ಕೊಡುತ್ತದೆ. ಜೊತೆಗೆ ಮುಖ್ಯ ಗೇಟಿನ ಎದುರು ಬದಿಯಲ್ಲಿ ಇನ್ನೊಂದು ಸಣ್ಣ ಗೇಟು ಇರಲಿ. ಎರಡು ದಾರಿಯಿರುವ ಉದ್ಯಾನದಲ್ಲಿ ಜನರ ಓಡಾಟ ತಾನಾಗಿ ಬೆಳೆಯುತ್ತದೆ. ನಿಮ್ಮ ಬಡಾವಣೆಯಲ್ಲಿ ಆ ಗೇಟು ಹಳೆಯ ಊರಿನ ಕಡೆಗೆ ತೆರೆದರೆ ನನಗೆ ವಿಶೇಷ ಸಂತೋಷ.

ವೇಳೆಯ ಬಗ್ಗೆ ಹೆಚ್ಚು ಚೌಕಾಸಿ ಬೇಕಿಲ್ಲ. ಪಾಲಿಕೆಯ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಆದೇಶವಾಗಿದೆ. ಅದಕ್ಕೆ ಮೊದಲು ಬೆಳಗಿನ 10 ಗಂಟೆಗೆ ಮುಚ್ಚಿ ಮಧ್ಯಾಹ್ನ ಮತ್ತೆ ತೆರೆಯುವ ಪದ್ಧತಿಯಿತ್ತು. ಮೊದಲ ತಿಂಗಳು ರಾತ್ರಿ 8ಕ್ಕೇ ಮುಚ್ಚೋಣ ಎಂದು ಹಿರಿಯರು ಕೇಳಿದರೆ ಒಪ್ಪಿಕೊಳ್ಳಿ. ಆದರೆ ನಡುಹಗಲಿನಲ್ಲಿ ಮುಚ್ಚುವುದಕ್ಕೆ ಮಾತ್ರ ಒಪ್ಪಬೇಡಿ. ಉದ್ಯಾನ ಬೇಕಾದವರು ವಾಕಿಂಗ್ ಹೋಗುವವರು ಮಾತ್ರವಲ್ಲ. ಬೆಳಗಿನ ಜಾವದಿಂದ ಬೀದಿ ಗುಡಿಸಿ ದಣಿದ ಪೌರಕಾರ್ಮಿಕರು, ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಯ ಬಾಗಿಲು ತೆರೆಯುವವರೆಗೆ ಕಾಯುವ ಹೆಂಗಸರು, ಬಿಸಿಲಲ್ಲಿ ಪಾರ್ಸೆಲ್ ಹೊತ್ತು ತಿರುಗುವ ಹುಡುಗರು, ಇವರಿಗೆಲ್ಲ ಮರದ ನೆರಳು ಬೇಕಾಗುವುದು ಹನ್ನೆರಡರಿಂದ ಮೂರರ ನಡುವೆ. ಅವರಿಗಾಗಿ ಒಂದು ಕುಡಿಯುವ ನೀರಿನ ನಲ್ಲಿಯನ್ನೂ, ಸಾಧ್ಯವಾದರೆ ಶೌಚಾಲಯವನ್ನೂ ಪಾಲಿಕೆಯಿಂದ ಕೇಳಿ.

ತೆರೆಯುವ ಮೊದಲು ಜಾಗವನ್ನು ಸಜ್ಜುಗೊಳಿಸುವುದು ಅತ್ಯಗತ್ಯ. ವರ್ಷಗಟ್ಟಲೆ ಜನ ಓಡಾಡದ ಮೂಲೆಗಳಲ್ಲಿ ನಾಗರಹಾವು, ಕೊಳಕುಮಂಡಲ ನೆಲೆಸಿರುವ ಸಂಭವವಿದೆ. ಪೊದೆ ಸವರುವ ದಿನ ಹಾವು ಹಿಡಿಯಲು ಬಲ್ಲವರು ಜೊತೆಗಿರಲಿ. ಮರದಲ್ಲಿ ಹೆಜ್ಜೇನಿದ್ದರೆ ಹೊಗೆ ಹಾಕಿಸಿ ಓಡಿಸುವ ಬದಲು ಅದರ ಕೆಳಗಿನ ಬೆಂಚನ್ನು ಬೇರೆಡೆಗೆ ಸರಿಸುವುದು ಲೇಸು. ಒಣಗಿದ ಕೊಂಬೆಗಳನ್ನು ಪಾಲಿಕೆಯ ಅರಣ್ಯ ಘಟಕಕ್ಕೆ ಹೇಳಿ ತೆಗೆಸಬೇಕೇ ಹೊರತು, ನಡಿಗೆ ದಾರಿಗೆಂದು ನೀವಾಗಿ ಮರ ಕಡಿಸುವಂತಿಲ್ಲ. ಅದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ದೀಪದ ಕಂಬಗಳ ತಂತಿಯನ್ನು ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸಿ. ಗೇಟಿನ ವಿಷಯದಲ್ಲಂತೂ ಉದಾಸೀನ ಕೂಡದು. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಬಿದ್ದು ಆಡಲು ಹೋಗಿದ್ದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಮೂವತ್ತು ವರ್ಷ ಹಳೆಯ ಗೇಟಿನ ತಿರುಗಣೆಗಳನ್ನು ವೆಲ್ಡಿಂಗ್ ಬಲ್ಲವರಿಂದ ನೋಡಿಸದೆ ಮಕ್ಕಳನ್ನು ಒಳಗೆ ಬಿಡಬೇಡಿ.

ಹೊಸ ಗೇಟು ಹಾಕಿಸುವುದಾದರೆ ಬೈಕ್ ತಡೆಯಲೆಂದು ಅಂಕುಡೊಂಕು ಕಂಬಿಯನ್ನೋ ಸುತ್ತುವ ಗೇಟನ್ನೋ ಹಾಕಬೇಡಿ. ಗಾಲಿಕುರ್ಚಿಯಲ್ಲಿ ಬರುವವರೂ ತಳ್ಳುಗಾಡಿಯಲ್ಲಿ ಮಗುವನ್ನು ತರುವ ತಾಯಿಯೂ ಅಲ್ಲಿಂದಲೇ ಹಿಂದಿರುಗಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ಬಯಸುತ್ತದೆ. ಒಬ್ಬರು ಗಾಲಿಕುರ್ಚಿಯಲ್ಲಿ ನೇರವಾಗಿ ದಾಟುವಷ್ಟು ಅಗಲದ, ಮೆಟ್ಟಿಲಿಲ್ಲದ ದಾರಿ ಒಂದಾದರೂ ಇರಬೇಕು.

ಖರ್ಚಿನ ಪ್ರಶ್ನೆ ಸಭೆಯಲ್ಲಿ ಖಂಡಿತ ಬರುತ್ತದೆ. ಪಾಲಿಕೆಗೆ ಹಸ್ತಾಂತರವಾದ ಉದ್ಯಾನಕ್ಕೆ ಮಾಲಿಯ ಸಂಬಳ, ವಿದ್ಯುತ್ ಬಿಲ್ಲು, ದುರಸ್ತಿ ಎಲ್ಲವೂ ತೆರಿಗೆ ಹಣದಿಂದ ಬರಬೇಕು, ಸದಸ್ಯರ ಚಂದಾದಿಂದಲ್ಲ. ಬೀಗ ಹಾಕಿಕೊಂಡಿರುವ ಸಂಘಗಳು ಪಾಲಿಕೆಯನ್ನು ಈ ಹಣ ಕೇಳಲು ಹಿಂಜರಿಯುತ್ತವೆ, ಕೇಳಿದರೆ ಬೀಗದ ಕೈಯನ್ನೂ ಕೊಡಬೇಕಾದೀತೆಂದು. ಈಗಿರುವ ಮಾಲಿಯನ್ನು ಪಾಲಿಕೆಯ ಹೊಸ ಗುತ್ತಿಗೆದಾರ ಕೆಲಸದಿಂದ ಬಿಡಿಸದಂತೆ ಮೊದಲೇ ಬರೆಸಿಕೊಳ್ಳಿ. ಆ ನೆಲದ ಗುಣ ಅವರಷ್ಟು ಬಲ್ಲವರು ಬೇರಿಲ್ಲ. ನೀರಿನ ವಿಚಾರದಲ್ಲಿ ಎಚ್ಚರ ಅಗತ್ಯ. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಗಾರಿಕೆಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಸಂಸ್ಕರಿಸಿದ ನೀರಿಗೆ ವ್ಯವಸ್ಥೆ ಮಾಡಿಕೊಳ್ಳಿ, ಮತ್ತು ಹುಲ್ಲುಹಾಸನ್ನು ಕಡಿಮೆ ಮಾಡಿ ನೆರಳಿನ ಮರಗಳನ್ನು ಹೆಚ್ಚಿಸಿ. ಜನ ನಡೆದಾಡುವ ಉದ್ಯಾನದಲ್ಲಿ ಹುಲ್ಲು ಸವೆಯುತ್ತದೆ, ಅದನ್ನು ನೋಡಿ ಹಿರಿಯರು ನೊಂದುಕೊಳ್ಳುತ್ತಾರೆ. ಸವೆಯುವ ದಾರಿಗಳನ್ನು ಗುರುತಿಸಿ ಮೊದಲೇ ಮಣ್ಣಿನ ಹಾದಿ ಮಾಡಿಬಿಟ್ಟರೆ ಈ ನೋವು ತಪ್ಪುತ್ತದೆ.

ಫಲಕದಲ್ಲಿ ಏನು ಬರೆಯಬೇಕು ಎಂಬುದೂ ಸಣ್ಣ ಮಾತಲ್ಲ. ಎಷ್ಟೋ ಉದ್ಯಾನಗಳಲ್ಲಿ ಫಲಕ ತುಂಬ ನಿಷೇಧಗಳೇ ಇರುತ್ತವೆ: ಕೂರಬಾರದು, ಆಡಬಾರದು, ತಿನ್ನಬಾರದು, ಜೋಡಿಗಳಿಗೆ ಪ್ರವೇಶವಿಲ್ಲ. ಇಬ್ಬರು ಒಂದು ಬೆಂಚಿನಲ್ಲಿ ಕೂತು ಮಾತಾಡುವುದು ಅಪರಾಧವಲ್ಲ, ಅದನ್ನು ತಡೆಯುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಆಟದ ವಿಷಯ ಬೇರೆ: ಅರ್ಧ ಎಕರೆಯಲ್ಲಿ ಕ್ರಿಕೆಟ್ ಆಡಿದರೆ ಚೆಂಡು ಯಾರದಾದರೂ ತಲೆಗೆ ತಗುಲುವುದು ಖಚಿತ. ಆದರೆ ಮಕ್ಕಳಿಗೆ ಬೇಡವೆಂದು ಮಾತ್ರ ಹೇಳಿದರೆ ಅವರು ರಸ್ತೆಗೆ ಹೋಗುತ್ತಾರೆ. ಒಂದು ಮೂಲೆಯಲ್ಲಿ ಮರಳು ಹಾಸಿ, ಕಬಡ್ಡಿ, ಕುಂಟೆಬಿಲ್ಲೆಯಂಥ ಆಟಗಳಿಗೆ ಜಾಗ ಬಿಡಿ. ವೇಳೆ, ಪಾಲಿಕೆಯ ದೂರವಾಣಿ ಸಂಖ್ಯೆ, ಮತ್ತು ಇದು ಸಾರ್ವಜನಿಕ ಉದ್ಯಾನ ಎಂಬ ಒಂದು ಸಾಲು, ಇಷ್ಟು ಫಲಕದಲ್ಲಿದ್ದರೆ ಸಾಕು.

ಇನ್ನು ಯಾರನ್ನು ಕಾಣಬೇಕು ಎಂಬುದು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದಿವೆ. ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂದು ಖಚಿತಪಡಿಸಿಕೊಂಡು ಅದರ ಆಯುಕ್ತರಿಗೂ ತೋಟಗಾರಿಕೆ ವಿಭಾಗಕ್ಕೂ ಮನವಿ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ. ಮನವಿಗೆ ಬಾಡಿಗೆದಾರರ, ಹಳೆಯ ಊರಿನವರ ಸಹಿಗಳಿರಲಿ, ಸಂಘದ ಹಿರಿಯರಲ್ಲಿ ಒಬ್ಬಿಬ್ಬರದಾದರೂ ಇರಲಿ. ಅದಕ್ಕೆ ಮುಂಚೆ ಸಂಘದ ಸರ್ವಸದಸ್ಯರ ಸಭೆಯಲ್ಲಿ ನಕ್ಷೆಯನ್ನು ಎಲ್ಲರೆದುರು ಹರಡಿ, ಮೂರು ತಿಂಗಳ ಪ್ರಯೋಗವಾಗಿ ತೆರೆಯೋಣ ಎಂದು ಕೇಳಿ. ಆ ಮೂರು ತಿಂಗಳಲ್ಲಿ ಬಂದ ದೂರುಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಮೇತ ಬರೆದಿಡಿ. ಮುಂದಿನ ಸಭೆಯಲ್ಲಿ ಭಯದ ಬದಲು ಆ ಪುಸ್ತಕವನ್ನು ಇಟ್ಟುಕೊಂಡು ಮಾತಾಡಬಹುದು.

ಸಂಘ ಒಪ್ಪದಿದ್ದರೂ ನೀವಾಗಿ ಬೀಗ ಒಡೆಯಬೇಡಿ, ಹುಡುಗರಿಂದ ಗೋಡೆ ಹತ್ತಿಸಬೇಡಿ. ಅದರಿಂದ ನಿಮ್ಮ ಮೇಲೆಯೇ ಪೊಲೀಸ್ ದೂರು ದಾಖಲಾಗಿ ಉದ್ಯಾನದ ಮಾತು ಹಿಂದೆ ಸರಿಯುತ್ತದೆ. ದಾಖಲೆಗಳನ್ನು ಲಗತ್ತಿಸಿ ಬರೆದ ಮನವಿಯ ಮೇಲೆ ಸಂಘಕ್ಕೆ ನೋಟಿಸು ಕೊಟ್ಟು ಜಾಗವನ್ನು ವಶಕ್ಕೆ ಪಡೆಯಬೇಕಾದದ್ದು ಪಾಲಿಕೆ. ಪಾಲಿಕೆಯೂ ಸುಮ್ಮನಿದ್ದರೆ, ಅದರ ಕರ್ತವ್ಯವನ್ನು ಅದಕ್ಕೆ ನೆನಪಿಸುವಂತೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಆಗ 1991ರ ತೀರ್ಪು, ಅನುಮೋದಿತ ನಕ್ಷೆ ಮತ್ತು ಸ್ವೀಕೃತಿ ಪಡೆದ ಮನವಿಯ ಪ್ರತಿ ನಿಮ್ಮ ವಕೀಲರಿಗೆ ಮೊದಲು ಬೇಕಾಗುವ ಮೂರು ಕಾಗದಗಳು.